ಸಿಂಕಿನ ಪೈಪು ಎಲ್ಲಿಗೆ ಹೋಗುತ್ತದೆ?

ಬಯಲುಸೀಮೆಯ ಒಂದು ಪದವಿ ಕಾಲೇಜು. ಮುಂದಿನ ಗೇಟು ಹೆದ್ದಾರಿಗೆ ತೆರೆದರೆ ಹಿಂದಿನ ಗೇಟು ಕೆರೆ ಏರಿಗೆ ತೆರೆಯುತ್ತದೆ. ಇಲ್ಲಿನ ರಸಾಯನಶಾಸ್ತ್ರ ವಿಭಾಗದ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಪರಿಸರ ರಕ್ಷಣೆಯ ಪ್ರಾಜೆಕ್ಟುಗಳನ್ನು ಮಾಡುತ್ತಾರೆ. ಅವುಗಳನ್ನು ಪುಸ್ತಕದಲ್ಲಿ ಬರೆದು ಮುಗಿಸುವುದಿಲ್ಲ, ಕೈಯಾರೆ ಮಾಡುತ್ತಾರೆ ಎಂದು ಕೇಳಿ ನೋಡಲು ಹೋಗಿದ್ದೆ. "ಹಿಂದಿನ ಗೇಟಿನಿಂದ ಬನ್ನಿ, ಬೆಳಕು ಹರಿಯುವ ಮೊದಲೇ ಬನ್ನಿ" ಎಂದು ವಿಭಾಗದ ಮೇಡಂ ಹೇಳಿದ್ದರು. ಅಷ್ಟು ಬೇಗ ಏಕೆ ಎಂಬುದು ಏರಿಯ ಮೇಲೆ ನಿಂತಾಗ ತಿಳಿಯಿತು.

ಕೆರೆಯ ನೀರು ಹಸಿರುಗಟ್ಟಿದೆ. ಪಾಚಿ ಹಗಲೆಲ್ಲ ಬಿಸಿಲಿನಲ್ಲಿ ಆಮ್ಲಜನಕ ಬಿಡುಗಡೆ ಮಾಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡುತ್ತ ಆಮ್ಲಜನಕವನ್ನು ಖರ್ಚು ಮಾಡುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಈ ಕೆರೆ ಚೆನ್ನಾಗಿದೆ ಎಂದೇ ಲೆಕ್ಕ ಬರುತ್ತದೆ. ನಸುಕಿನಲ್ಲಿ ಅಳೆದರೆ ಮಾತ್ರ ಮೀನುಗಳು ಕೆಲವು ದಿನ ಬೆಳಿಗ್ಗೆ ಬಾಯಿ ತೆರೆದುಕೊಂಡು ಮೇಲಕ್ಕೆ ಬರುವುದು ಏಕೆ ಎಂದು ಅರ್ಥವಾಗುತ್ತದೆ. ನೀರಿನ ಸ್ಯಾಂಪಲ್ ಯಾವ ಹೊತ್ತಿನಲ್ಲಿ ತೆಗೆದದ್ದು ಎಂದು ಹೇಳದೆ ಬರೀ ಅಂಕಿ ಹೇಳಿದರೆ ಆ ಅಂಕಿಗೆ ಬೆಲೆಯಿಲ್ಲ. ವಿದ್ಯಾರ್ಥಿಗಳು ಕಲಿಯುವ ಮೊದಲ ಪಾಠವೇ ಇದು.

ತೂಬಿನ ಮೆಟ್ಟಿಲ ಮೇಲೆ ಒಂದು ಗುಂಪು ಕೂತಿತ್ತು. ಒಬ್ಬಳು 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಓರೆಯಾಗಿ ನೀರಿನೊಳಗೆ ಇಳಿಸಿ ನಿಧಾನಕ್ಕೆ ತುಂಬಿಸಿದಳು. ಮುಚ್ಚಳ ಹಾಕಿ, ಬೋರಲು ಮಾಡಿ, ಗುಳ್ಳೆ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಒಂದು ಗುಳ್ಳೆ ಉಳಿದರೂ ಅದರೊಳಗಿನ ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಸೇರಿಬಿಡುತ್ತದೆ. ಪಕ್ಕದ ಹುಡುಗ ರಬ್ಬರ್ ಬಲ್ಬ್ ಹಾಕಿದ ಪಿಪೆಟ್ಟಿನ ತುದಿಯನ್ನು ಬಾಟಲಿಯ ನೀರಿನೊಳಗೆ ಇಳಿಸಿ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಬಿಟ್ಟ. ಬಾಟಲಿಯೊಳಗೆ ಕಂದು ಬಣ್ಣದ ಗಸಿ ಮೋಡ ಕಟ್ಟಿತು, ನೋಡುತ್ತಿದ್ದಂತೆ ಕೆಳಗಿಳಿಯತೊಡಗಿತು. ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಮ್ಯಾಂಗನೀಸ್ ಹಿಡಿದುಕೊಂಡ ಗುರುತು ಅದು. ಇಲ್ಲಿಯೇ ಹೀಗೆ ಹಿಡಿದಿಟ್ಟುಕೊಳ್ಳದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಅಂಕಿ ಬದಲಾಗುತ್ತದೆ. ವಿಂಕ್ಲರ್ ವಿಧಾನವೆಂದು ಹೆಸರಾದ ಈ ಪರೀಕ್ಷೆ 1888ರದು. ಇದಕ್ಕೆ ಬೇಕಾಗುವುದು ಬಾಟಲಿ, ಬ್ಯೂರೆಟ್ ಮತ್ತು ತಾಳ್ಮೆ. ದುಬಾರಿ ಯಂತ್ರವಿಲ್ಲದ ಕಾಲೇಜು ಕೂಡ ಮಾಡಬಹುದು.

ಅಲ್ಲಿಂದ ಏರಿಯ ಇನ್ನೊಂದು ತುದಿಗೆ ನಡೆದೆವು. ಊರಿನ ರಾಜಕಾಲುವೆ ಕೆರೆಗೆ ಸೇರುವ ಜಾಗ ಅದು. ಮೂಗಿಗೆ ವಾಸನೆ ಮೊದಲೇ ಬಡಿಯಿತು. ಇಲ್ಲಿನ ಬಾಟಲಿಯಲ್ಲಿ ಮೊದಲಿನಂಥ ಕಂದು ಗಸಿ ಬರಲಿಲ್ಲ. ಗಸಿ ಬಿಳಿಯಾಗಿದ್ದರೆ ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ ಎಂದರ್ಥ. ನನ್ನ ಕಣ್ಣಿಗೆ ಅದು ಬಿಳಿಯೋ ತೆಳು ಕಂದೋ ಸರಿಯಾಗಿ ತಿಳಿಯಲಿಲ್ಲ. ವಿದ್ಯಾರ್ಥಿಗಳೂ ಅವಸರದಲ್ಲಿ ತೀರ್ಮಾನಿಸಲಿಲ್ಲ. "ಬಹುತೇಕ ಬಿಳಿ. ಟೈಟ್ರೇಷನ್ ನೋಡಿ ಹೇಳುವುದು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೀನುಗಾರಿಕೆಗೆ ಬಳಸುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂಬುದು ನಮ್ಮ ದೇಶದ ಮಾನದಂಡ. ಕಾಲುವೆಯ ಬಾಯಿಯಲ್ಲಿ ಅದರ ಸಮೀಪವೂ ಇರಲಾರದು ಎಂದು ಗಸಿಯ ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು.

ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡು ಹಿಂದಿನ ಗೇಟಿನಿಂದ ಒಳಗೆ ಬಂದೆವು. ಲ್ಯಾಬಿನ ಬಾಗಿಲ ಬಳಿ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್. ದಿನಾಂಕ, ಸ್ಥಳ, ಹೊತ್ತು, ನೀರಿನ ಉಷ್ಣತೆ ಎಂಬ ಕಾಲಂಗಳು ಎಲ್ಲ ಕಡೆ ಇರುವಂಥವೇ. ಇಲ್ಲಿ ಮೊದಲಲ್ಲೊಂದು, ಕೊನೆಯಲ್ಲೊಂದು ಕಾಲಂ ಹೆಚ್ಚಿಗೆ ಇವೆ. ಮೊದಲನೆಯದು: "ಈ ನೀರನ್ನು ಯಾರು ಬಳಸುತ್ತಾರೆ?" ಕೊನೆಯದು: "ಪರೀಕ್ಷೆಯಾದ ಮೇಲೆ ಉಳಿದದ್ದು ಎಲ್ಲಿಗೆ ಹೋಯಿತು?" ಈ ಎರಡನ್ನೂ ತುಂಬದೆ ಮೇಡಂ ಸಹಿ ಹಾಕುವುದಿಲ್ಲ. ಕೆಲವು ಪುಟ ತಿರುವಿ ನೋಡಿದೆ. ಬಳಸುವವರು ಎಂಬಲ್ಲಿ "ನಮ್ಮ ಮನೆ ಮತ್ತು ಪಕ್ಕದ ಎರಡು ಮನೆ", "ಶಾಲೆಯ ಬಿಸಿಯೂಟದ ಅಡುಗೆಮನೆ", "ದನಗಳು ಮಾತ್ರ" ಎಂದೆಲ್ಲ ಬರೆದಿತ್ತು. ಕೊನೆಯ ಕಾಲಮ್ಮಿನ ಬಗ್ಗೆ ಕೇಳಿದಾಗ, "ಅದನ್ನು ಆಮೇಲೆ ತೋರಿಸುತ್ತೇವೆ ಸರ್, ಕೊನೆಯ ಕೋಣೆಯಲ್ಲಿ" ಎಂದರು.

ಮೊದಲ ಸಾಲಿನ ಮೇಜುಗಳಲ್ಲಿ ಕೊಳವೆ ಬಾವಿ ನೀರಿನ ಗಡಸುತನ ಅಳೆಯುತ್ತಿದ್ದರು. ಕೋನಿಕಲ್ ಫ್ಲಾಸ್ಕಿನಲ್ಲಿ ನೀರು, ಅಮೋನಿಯಾ ಬಫರ್, ಸೂಚಕದ ಚಿಟಿಕೆ ಪುಡಿ. ನೀರು ವೈನ್ ರೆಡ್ ಬಣ್ಣಕ್ಕೆ ತಿರುಗುತ್ತದೆ. ಬ್ಯೂರೆಟ್ಟಿನಿಂದ ಇಡಿಟಿಎ ಹನಿಹನಿಯಾಗಿ ಬೀಳುತ್ತದೆ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಲ್ಲವನ್ನೂ ಇಡಿಟಿಎ ಕಟ್ಟಿಹಾಕಿದ ಕ್ಷಣಕ್ಕೆ ಬಣ್ಣ ನೀಲಿಯಾಗಬೇಕು. ನೇರಳೆ ಕಂಡಾಗ ಮುಗಿಯಿತು ಎಂದುಕೊಂಡೆ. "ಇನ್ನೂ ಒಂದು ಹನಿ ಇದೆ ಸರ್" ಎಂದು ಹುಡುಗಿ ಫ್ಲಾಸ್ಕ್ ತಿರುಗಿಸುತ್ತಲೇ ಇದ್ದಳು. ಆ ಒಂದು ಹನಿ ಬಿದ್ದ ಮೇಲೆ ಕೆಂಪಿನ ಕೊನೆಯ ಛಾಯೆ ಹೋಯಿತು. ಎರಡು ರೀಡಿಂಗ್ 0.1 ಮಿಲಿಲೀಟರಿನೊಳಗೆ ಹೊಂದಿಕೆಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕೆಂಬುದು ನಿಯಮ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸುತನದಿಂದ ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು, ಗೀಸರಿನ ಕಾಯಿಲ್ ಬಿಳಿ ಹಿಡಿಯುವುದು ಇತ್ಯಾದಿ ತೊಂದರೆಗಳುಂಟು. ಆದರೆ ಅವು ಕಣ್ಣಿಗೆ ಕಾಣುತ್ತವೆ. ಕಣ್ಣಿಗೆ ಕಾಣದೆ ಕೆಡಿಸುವುದು ಫ್ಲೋರೈಡ್. ಅದರ ಮೇಜು ಪಕ್ಕದ ಕೋಣೆಯಲ್ಲಿತ್ತು.

ಪಾವಗಡ, ಬಾಗೇಪಲ್ಲಿ, ಕೋಲಾರ ಕಡೆಯವರಿಗೆ ಫ್ಲೋರೈಡ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಗಟ್ಟಿ ಬಂಡೆಯಲ್ಲಿರುವ ಕೆಲವು ಖನಿಜಗಳಿಂದ ಅದು ನೀರಿಗೆ ಕರಗಿ ಬರುತ್ತದೆ. ಕೊಳವೆ ಬಾವಿ ಆಳಕ್ಕೆ ಹೋದಂತೆ ಬಂಡೆಯ ಜೊತೆ ಬಹುಕಾಲ ಇದ್ದ ನೀರು ಸಿಗುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇರುತ್ತದೆ. ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿಯಾಗುತ್ತವೆ. ನೀರಿಗೆ ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ವ್ಯತ್ಯಾಸ ಇರುವುದಿಲ್ಲ.

ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಕೆಂಪು ದ್ರಾವಣದ ಗಾಜುಗಳು. ಈ ಕೆಂಪು ಬಣ್ಣ ಜಿರ್ಕೋನಿಯಂ ಮತ್ತು ಒಂದು ವರ್ಣದ್ರವ್ಯ ಸೇರಿ ಬಂದದ್ದು. ಫ್ಲೋರೈಡ್ ಇರುವ ನೀರು ಹಾಕಿದರೆ ಅದು ಜಿರ್ಕೋನಿಯಮನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಎಷ್ಟು ಮಾಸಿತು ಎಂಬುದನ್ನು ಕಲರಿಮೀಟರ್ ಓದಿ ಹೇಳುತ್ತದೆ. ಒಬ್ಬ ವಿದ್ಯಾರ್ಥಿ ತನ್ನದೇ ಊರಿನ ನೀರು ತಂದಿದ್ದ. ರೀಡಿಂಗ್ 1.5ರ ಗೆರೆ ದಾಟಿತ್ತು. ಅವನು ಮತ್ತೊಮ್ಮೆ ಮಾಡಿದ. ಆಮೇಲೆ ಸುಮ್ಮನೆ ಗ್ರಾಫ್ ಹಾಳೆಯನ್ನೇ ನೋಡುತ್ತ ಕೂತ. "ಮನೆಯಲ್ಲಿ ಅಜ್ಜಿ ನೀರು ಕಾಯಿಸಿಯೇ ಕುಡಿಯುತ್ತಾರೆ ಸರ್. ಕಾಯಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಅದನ್ನು ಹೇಗೆ ಹೇಳುವುದು ಅಂತ" ಎಂದ. ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ಯಾವುದೂ ಇಷ್ಟು ನೇರವಾಗಿ ಮನಸ್ಸಿಗೆ ತಟ್ಟಲಿಲ್ಲ.

ಅದೇ ಕೋಣೆಯ ಮೂಲೆಯಲ್ಲಿ ಎರಡು ಬಕೆಟ್ ಇಟ್ಟು ನಲ್ಗೊಂಡ ವಿಧಾನ ಮಾಡುತ್ತಿದ್ದರು. ತೆಲಂಗಾಣದ ನಲ್ಗೊಂಡ ಜಿಲ್ಲೆಯ ಹೆಸರಿನ ಈ ವಿಧಾನದಲ್ಲಿ ನೀರಿಗೆ ಸುಣ್ಣ ಮತ್ತು ಪಟಿಕ ಹಾಕಿ ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಕಲಕಬೇಕು. ಪಟಿಕದಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹೂವು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಅಗ್ಗ, ಕರೆಂಟು ಬೇಡ. ಆದರೆ ಪಟಿಕದ ಲೆಕ್ಕ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ, ಬೇರೆ ದಾರಿಯಿಲ್ಲದಿದ್ದರೂ ಅದರ ಮಿತಿ ಲೀಟರಿಗೆ 0.2 ಮಿಲಿಗ್ರಾಂ ಅಷ್ಟೇ. ತಳದ ಗಸಿಯಲ್ಲಿ ಫ್ಲೋರೈಡ್ ಹಾಗೇ ಇರುತ್ತದೆ. ಆ ಗಸಿಯನ್ನು ಏನು ಮಾಡುವುದು? ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತೇವಲ್ಲ, ಅಲ್ಲಿಯೂ ಇದೇ ಪ್ರಶ್ನೆ ಇದೆ. ಆರ್‌ಒ ಯಂತ್ರ ಒಳ್ಳೆಯ ನೀರಿನ ಜೊತೆಗೆ ಉಪ್ಪು, ಫ್ಲೋರೈಡ್ ಹೆಚ್ಚಾದ ಇನ್ನೊಂದು ನೀರನ್ನೂ ಹೊರಗೆ ಬಿಡುತ್ತದೆ. ಅದು ಘಟಕದ ಹಿಂದಿನ ಚರಂಡಿಗೆ ಹೋದರೆ ಮತ್ತೆ ನೆಲಕ್ಕೇ ಇಂಗುತ್ತದೆ. ರಿಜಿಸ್ಟರಿನ ಕೊನೆಯ ಕಾಲಂ ನನಗೆ ಇಲ್ಲಿ ನೆನಪಾಯಿತು.

ಇನ್ನೊಂದು ಮೇಜಿನಲ್ಲಿ ನುಗ್ಗೆ ಬೀಜದ ಪುಡಿಯಿಂದ ಕೆಸರು ನೀರು ತಿಳಿಗೊಳಿಸುತ್ತಿದ್ದರು. ಬೀಜದ ಪ್ರೋಟೀನು ಧನ ವಿದ್ಯುದಂಶ ಹೊಂದಿದ್ದು, ಋಣ ವಿದ್ಯುದಂಶದ ಮಣ್ಣಿನ ಕಣಗಳನ್ನು ಸೆಳೆದು ಒಟ್ಟುಗೂಡಿಸುತ್ತದೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಕಲ್ಲಿನ ಮೇಲೆ ತೇಯ್ದು ನೀರಿಗೆ ಹಾಕುತ್ತಿದ್ದುದೂ ನೀರು ತಿಳಿಗೊಳಿಸಲೆಂದೇ. ನೀರು ತಿಳಿಯಾಗುವುದನ್ನು ನೋಡುವುದು ಸಂತೋಷ. ಆದರೆ ಕಣ್ಣಿಗೆ ತಿಳಿಯಾದ ಮಾತ್ರಕ್ಕೆ ಫ್ಲೋರೈಡ್, ನೈಟ್ರೇಟ್ ಹೋಗಿರುವುದಿಲ್ಲ. ಈ ಎಚ್ಚರಿಕೆಯನ್ನು ವಿದ್ಯಾರ್ಥಿಗಳು ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ವರಾಂಡಕ್ಕೆ ಬಂದರೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಣ್ಣವಿಲ್ಲದ ಸಣ್ಣ ಅಚ್ಚುಗಳು ಮುಳುಗಿದ್ದವು. ಗಣೇಶನ ಹಬ್ಬದ ನಂತರ ಕೆರೆಯ ತಳದಲ್ಲಿ ಕರಗದೆ ಬೀಳುವ ವಸ್ತು ಇದು. ನೀರಿನಲ್ಲಿ ಜಿಪ್ಸಂ ಆಗಿ ಗಟ್ಟಿಯಾಗಿಯೇ ಉಳಿಯುತ್ತದೆ. ತೊಟ್ಟಿಯ ನೀರಿಗೆ ಅಮೋನಿಯಂ ಬೈಕಾರ್ಬೊನೇಟ್ ಹಾಕಿದರೆ ಎರಡು ಮೂರು ದಿನಗಳಲ್ಲಿ ಅಚ್ಚು ಪುಡಿಯಾಗಿ ಸುಣ್ಣದ ಪುಡಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ, ಅಮೋನಿಯಂ ಸಲ್ಫೇಟ್ ನೀರಿನಲ್ಲಿ ಉಳಿಯುತ್ತದೆ. ಅಮೋನಿಯಂ ಸಲ್ಫೇಟ್ ರೈತರಿಗೆ ಗೊತ್ತಿರುವ ಗೊಬ್ಬರವೇ. ಪುಣೆಯಲ್ಲಿ ಈ ಕ್ರಮವನ್ನು ಮನೆಮನೆಯ ವಿಸರ್ಜನೆಗೆ ಬಳಸಿದ್ದಾರೆ. ಬಳಿದ ಬಣ್ಣ ಎಂಥದು ಎಂದು ತಿಳಿಯದೆ ಆ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಕೇಳಿದೆ. "ಬಣ್ಣವಿದ್ದರೆ ನಾವು ಹಾಕುವುದಿಲ್ಲ. ಸೀಸ ಇರಬಹುದು" ಎಂದರು. ಮಣ್ಣಿನ ಗಣಪತಿಗೆ ಬಣ್ಣವಿಲ್ಲದಿದ್ದರೆ ಈ ತೊಟ್ಟಿಯೇ ಬೇಕಿಲ್ಲ ಎಂಬುದೂ ಅವರ ವರದಿಯಲ್ಲಿದೆ.

ಹಿತ್ತಲ ಶೆಡ್ಡಿನಲ್ಲಿ ಹೊಂಗೆ ಎಣ್ಣೆಯ ವಾಸನೆ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಸುಮಾರು 60 ಡಿಗ್ರಿಯಲ್ಲಿ ಕಲಕಿದರೆ ಮೇಲೆ ಬಯೊಡೀಸೆಲ್, ಕೆಳಗೆ ಗಾಢ ಕಂದಿನ ಗ್ಲಿಸರಿನ್ ಬೇರೆಯಾಗುತ್ತವೆ. ಹಳೆಯ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿರುತ್ತದೆ. ಅದನ್ನು ಮೊದಲು ಅಳೆಯದೆ ಕ್ಷಾರ ಹಾಕಿದರೆ ಡೀಸೆಲ್ ಬದಲು ಸೋಪು ಕಟ್ಟುತ್ತದೆ. ಗ್ಲಿಸರಿನ್ ಪದರವನ್ನು ಕಾಯಿಸಿ ನೆಲ ತೊಳೆಯುವ ಸೋಪು ಮಾಡುತ್ತಾರೆ. ಡೀಸೆಲ್ ತೊಳೆದ ನೀರು ಮಾತ್ರ ಒಂದು ಡ್ರಮ್ಮಿನಲ್ಲಿ ನಿಂತಿತ್ತು, ಅದಕ್ಕೆ ಇನ್ನೂ ದಾರಿ ಕಂಡುಕೊಂಡಿಲ್ಲ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಡ್ರಮ್ಮಿನ ಮೇಲೆ ಚೀಟಿ ಇತ್ತು, ದಿನಾಂಕವಿತ್ತು. ಚರಂಡಿಗೆ ಹೋಗಿರಲಿಲ್ಲ.

ಕೊನೆಯ ಕೋಣೆ ಚಿಕ್ಕದು. ಬಾಗಿಲಿಗೆ ಬೀಗ, ಒಳಗೆ ಎಕ್ಸಾಸ್ಟ್ ಫ್ಯಾನ್, ನೆಲದಲ್ಲಿ ಗಟ್ಟಿ ಪ್ಲಾಸ್ಟಿಕ್ ತಟ್ಟೆಗಳು, ತಟ್ಟೆಯ ಮೇಲೆ ಕ್ಯಾನುಗಳು. ಗೋಡೆಯ ಮೇಲೆ 1998ರಲ್ಲಿ ಪ್ರಕಟವಾದ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದರು. ಮೊದಲನೆಯ ಸೂತ್ರ: ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧಿ ಮಾಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು.

ಇಲ್ಲಿ ನನಗೆ ಅಚ್ಚರಿಯ ಸಂಗತಿಯೊಂದು ತಿಳಿಯಿತು. ಕೊಳಚೆ ನೀರಿನಲ್ಲಿ ಎಷ್ಟು ಕಲ್ಮಶವಿದೆ ಎಂದು ಅಳೆಯುವ ಒಂದು ಮುಖ್ಯ ಪರೀಕ್ಷೆ ಸಿಒಡಿ, ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆ. ನೀರಿಗೆ ಡೈಕ್ರೋಮೇಟ್, ಗಂಧಕಾಮ್ಲ, ಸಿಲ್ವರ್ ಸಲ್ಫೇಟ್ ಹಾಕಿ ಎರಡು ಗಂಟೆ ಕುದಿಸುತ್ತಾರೆ. ನೀರಿನಲ್ಲಿರುವ ಕ್ಲೋರೈಡ್ ಅಡ್ಡ ಬಾರದಿರಲೆಂದು ಮರ್ಕ್ಯುರಿಕ್ ಸಲ್ಫೇಟನ್ನೂ ಹಾಕುತ್ತಾರೆ. ಹಳೆಯ ಕ್ರಮದಲ್ಲಿ 20 ಮಿಲಿಲೀಟರ್ ನೀರಿಗೆ 0.4 ಗ್ರಾಂ. ಅದರಲ್ಲಿ ಸುಮಾರು 0.27 ಗ್ರಾಂ ಪಾದರಸವೇ. ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಲೆಕ್ಕ ಹಾಕಿದರೆ, ಒಂದೇ ಒಂದು ಪರೀಕ್ಷೆಯ ಪಾದರಸ 2 ಲಕ್ಷ 70 ಸಾವಿರ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಕೆರೆಯ ಕೊಳಕು ಅಳೆಯಲು ಮಾಡಿದ ಪರೀಕ್ಷೆಯ ಉಳಿಕೆಯನ್ನು ಸಿಂಕಿಗೆ ಸುರಿದರೆ ಕೆರೆಗೆ ಇನ್ನೂ ದೊಡ್ಡ ಹಾನಿ ಮಾಡಿದಂತೆ.

ಈ ವಿಭಾಗ ಅದಕ್ಕೆ ಎರಡು ದಾರಿ ಹಿಡಿದಿದೆ. ಒಂದು, ಪರೀಕ್ಷೆಯನ್ನೇ ಚಿಕ್ಕದು ಮಾಡಿಕೊಂಡಿದ್ದಾರೆ. ಮುಚ್ಚಿದ ಗಾಜಿನ ಕೊಳವೆಯಲ್ಲಿ 2.5 ಮಿಲಿಲೀಟರ್ ನೀರಿನಲ್ಲೇ ಸಿಒಡಿ ಮಾಡುತ್ತಾರೆ. ಪಾದರಸದ ಖರ್ಚು ಹಳೆಯದರ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಉಳಿದ ಟೈಟ್ರೇಷನ್ನುಗಳಿಗೂ 50ರ ಬದಲು 10 ಮಿಲಿಲೀಟರಿನ ಬ್ಯೂರೆಟ್ ಬಂದಿದೆ. ಎರಡು, ಉಳಿದದ್ದನ್ನು ಬಗೆಬಗೆಯಾಗಿ ಬೇರ್ಪಡಿಸಿ ಇಡುತ್ತಾರೆ. ಆಮ್ಲ ಬೇರೆ, ಸಾವಯವ ದ್ರಾವಕ ಬೇರೆ, ಭಾರ ಲೋಹ ಬೇರೆ. ಪಾದರಸದ ಕ್ಯಾನನ್ನು ವಿದ್ಯಾರ್ಥಿಗಳು ಮುಟ್ಟುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಪರವಾನಗಿ ಇರುವವರಿಗೇ ಅದನ್ನು ಒಪ್ಪಿಸಬೇಕು.

ಬೆಳ್ಳಿಯನ್ನು ಮಾತ್ರ ವಿದ್ಯಾರ್ಥಿಗಳೇ ವಾಪಸು ಪಡೆಯುತ್ತಾರೆ. ನೀರಿನ ಕ್ಲೋರೈಡ್ ಅಳೆಯಲು ಸಿಲ್ವರ್ ನೈಟ್ರೇಟ್ ಬಳಸುತ್ತಾರಲ್ಲ, ಅದರ ಮೊಸರಿನಂಥ ಬಿಳಿ ಗಸಿಯನ್ನು ಕಂದು ಬಾಟಲಿಯಲ್ಲಿ ಕೂಡಿಡುತ್ತಾರೆ. ಬೆಳಕು ಬಿದ್ದ ಕಡೆ ಅದು ಆಗಲೇ ನೇರಳೆ ಬೂದಿಗೆ ತಿರುಗಿತ್ತು. ಚೆನ್ನಾಗಿ ತೊಳೆದು, ಸಾರರಿಕ್ತ ಆಮ್ಲದಲ್ಲಿ ಸತುವಿನ ಜೊತೆ ಇಟ್ಟರೆ ಬೂದು ಬಣ್ಣದ ಪುಡಿ ಸಿಗುತ್ತದೆ. ವಾಚ್ ಗ್ಲಾಸಿನ ಮೇಲೆ ಒಬ್ಬಳು ಆ ಪುಡಿಯನ್ನು ತೋರಿಸಿದಳು. ಹೊಳಪಿಲ್ಲ, ಮಣ್ಣಿನ ಬಣ್ಣ. ಸ್ಪ್ಯಾಚುಲಾದ ಬೆನ್ನಿನಿಂದ ಒತ್ತಿ ಉಜ್ಜಿದಾಗ ಒಂದು ಗೆರೆ ಮಿನುಗಿತು. ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಮತ್ತೆ ಸಿಲ್ವರ್ ನೈಟ್ರೇಟ್, ಮುಂದಿನ ತಂಡದ ಪರೀಕ್ಷೆಗೆ.

ಇಷ್ಟೆಲ್ಲ ಹೇಗೆ ಶುರುವಾಯಿತು ಎಂದು ಕೇಳಿದೆ. ಮೇಡಂ ನನ್ನನ್ನು ಹಳೆಯ ಕಟ್ಟಡದ ಹಿಂದಕ್ಕೆ ಕರೆದೊಯ್ದರು. ಕೆಲವು ವರ್ಷಗಳ ಹಿಂದೆ ಒಂದು ತಂಡ ಲ್ಯಾಬಿನ ಸಿಂಕುಗಳ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿತಂತೆ. ಯಾರಿಗೂ ಖಚಿತವಿರಲಿಲ್ಲ. ನಕ್ಷೆಯೂ ಸಿಗಲಿಲ್ಲ. ಅಟೆಂಡರ್ ಅಣ್ಣ "ಇಂಗುಗುಂಡಿಗೆ" ಎಂದರು, ಕಚೇರಿಯವರು "ಒಳಚರಂಡಿಗೆ" ಎಂದರು. ವಿದ್ಯಾರ್ಥಿಗಳು ಒಂದೊಂದೇ ಸಿಂಕಿಗೆ ಚೂರು ಫ್ಲೋರೆಸೀನ್ ಬಣ್ಣ ಹಾಕಿ ನೀರು ಬಿಟ್ಟು, ಹೊರಗಿನ ಚೇಂಬರುಗಳ ಬಳಿ ಕಾದು ನಿಂತರು. ಹೆಚ್ಚಿನವು ಗುಂಡಿಗೇ ಹೋಗುತ್ತಿದ್ದವು. ಹಳೆಯ ಲ್ಯಾಬಿನ ಎರಡು ಸಿಂಕುಗಳ ಹಸಿರು ನೀರು ಮಾತ್ರ ಮಳೆನೀರಿನ ಚರಂಡಿಯಲ್ಲಿ ಕಾಣಿಸಿಕೊಂಡಿತು. ಆ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಈಗ ಆ ಎರಡೂ ಸಿಂಕುಗಳ ಬಾಯಿಗೆ ಸಿಮೆಂಟು ಹಾಕಿದ್ದಾರೆ. ಉಳಿದ ಸಿಂಕುಗಳ ನೀರು ಸುಣ್ಣಕಲ್ಲಿನ ಚೂರು ತುಂಬಿದ ತೊಟ್ಟಿ ದಾಟಿ ಹೋಗುತ್ತದೆ. ತೊಟ್ಟಿಯ ಹೊರಬಾಯಿಯ ಪಿಎಚ್ ಅನ್ನು ಪ್ರತಿವಾರ ಒಂದು ತಂಡ ನೋಡುತ್ತದೆ. ಆ ಎರಡು ಸಿಂಕುಗಳಿಂದ ಅಷ್ಟು ವರ್ಷಗಳಲ್ಲಿ ಏನೇನು ಕೆರೆ ಸೇರಿತೋ ಇನ್ನು ಲೆಕ್ಕ ಹಾಕಲಾಗದು.

ಹೊರಡುವ ಮೊದಲು ವರದಿ ಬರೆಯುವ ಕೋಣೆ ನೋಡಿದೆ. ಪರೀಕ್ಷೆಗೆ ನೀರು ಕೊಟ್ಟವರಿಗೆ ಒಂದು ಪುಟದ ಚೀಟಿ ಕನ್ನಡದಲ್ಲಿ ಹೋಗುತ್ತದೆ: ಏನನ್ನು ಅಳೆದೆವು, ಮಿತಿ ಎಷ್ಟು, ನಿಮ್ಮ ನೀರಿನಲ್ಲಿ ಎಷ್ಟು, ಕಾಯಿಸಿದರೆ ಹೋಗುತ್ತದೆಯೇ, ಅಡುಗೆಗೆ ಬಳಸಬಹುದೇ. ವಿದ್ಯಾರ್ಥಿಗಳ ಪರೀಕ್ಷೆಯಾದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಮಾಡಿಸಿ ಎಂಬ ಸಾಲೂ ಕೆಳಗಿದೆ. ಚೀಟಿ ತಲುಪಿದ ಮನೆಗಳಲ್ಲಿ ಎಷ್ಟು ಕಡೆ ನೀರಿನ ಮೂಲ ಬದಲಾಯಿತು ಎಂಬುದಕ್ಕೆ ಅವರ ಬಳಿ ಪೂರ್ಣ ದಾಖಲೆ ಇರಲಿಲ್ಲ. ಅದಕ್ಕೂ ಒಂದು ಕಾಲಂ ಬೇಕು ಎಂದು ಆ ಫ್ಲೋರೈಡ್ ಹುಡುಗನೇ ಹೇಳಿದ. ನನಗೂ ಹೌದೆನ್ನಿಸಿತು. ಪ್ರತಿ ವರ್ಷ ತಂಡ ಬದಲಾಗುತ್ತದೆ. ರಿಜಿಸ್ಟರ್ ಕೈಯಿಂದ ಕೈಗೆ ಹೋದರೆ ಮಾತ್ರ ಕೆಲಸ ಮುಂದುವರಿಯುತ್ತದೆ.

ನಮ್ಮ ರಾಜ್ಯದ ನೂರಾರು ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಇದೆ, ಪ್ರತಿ ಲ್ಯಾಬಿನ ಹತ್ತಿರ ಒಂದು ಕೆರೆಯೋ ಕೊಳವೆ ಬಾವಿಯೋ ಇದ್ದೇ ಇರುತ್ತದೆ. ಹೊಸ ಯಂತ್ರ ಬರಲೆಂದು ಕಾಯಬೇಕಿಲ್ಲ. ಈ ನೀರನ್ನು ಯಾರು ಬಳಸುತ್ತಾರೆ, ಪರೀಕ್ಷೆಯಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆ ಬರೆದ ಒಂದು ರಿಜಿಸ್ಟರ್ ಸಾಕು ಶುರುಮಾಡಲು. ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಈ ವರ್ಷದ ಪ್ರಾಜೆಕ್ಟ್ ಅದೇ ಆಗಲಿ: ಒಂದು ಚೂರು ಬಣ್ಣ ಹಾಕಿ, ಪೈಪಿನ ಜೊತೆ ಕೊನೆಯವರೆಗೆ ನಡೆದು ನೋಡಿ. ಊರಿನ ನೀರಿನ ಬಗ್ಗೆ ಊರಿಗೆ ಹೇಳುವ ಹಕ್ಕು, ಮೊದಲು ತನ್ನ ಸಿಂಕನ್ನು ಸರಿಮಾಡಿಕೊಂಡ ಲ್ಯಾಬಿಗೆ ಬರುತ್ತದೆ.